ಶಾರ್ಜಾದಿಂದ ಕೊಟ್ಟ ಮಿಸ್ ಕಾಲ್

ನಾನು ನಿಂತಿದ್ದದ್ದು ಶಾರ್ಜಾದ ಒಂದು ಕಟ್ಟಡದ ಎರಡನೇ ಮಹಡಿಯ ಕೋಣೆಯಲ್ಲಿ, ಬಾಗಿಲಿನಿಂದ ಮೂರು ಹೆಜ್ಜೆ ಒಳಗೆ, ಫ್ರಿಜ್ಜಿಗೆ ಬೆನ್ನು ಕೊಟ್ಟುಕೊಂಡು. ಶುಕ್ರವಾರ. ಎದುರಿನ ಗೋಡೆಯ ಗಡಿಯಾರದಲ್ಲಿ ನಾಲ್ಕು ಗಂಟೆ ಹತ್ತು ನಿಮಿಷ. ನಮ್ಮ ಕಡೆ ಆಗ ಸಂಜೆ ಐದೂ ನಲವತ್ತು. ನನ್ನ ಎಡಕ್ಕೆ, ಕೈಗೆ ಎಟುಕುವಷ್ಟು ದೂರದ ಮಂಚದ ಮೇಲೆ ನನ್ನ ತಂಗಿಯ ಕಿರಿಯ ಮಗ ಮಂಜೇಗೌಡ ಕೂತಿದ್ದ. ಅವನ ಹೆಬ್ಬೆರಳು ಫೋನನ್ನು ಒತ್ತಿದ್ದು ನಾನು ಕಂಡೆ. ಆ ಒಂದು ಒತ್ತು ಕೆ.ಆರ್. ಪೇಟೆ ತಾಲ್ಲೂಕಿನ ಸಂತೆಬಾಚಹಳ್ಳಿಯ ಹತ್ತಿರದ ತೋಟದಲ್ಲಿ ಅವನ ಅಣ್ಣ ಜವರೇಗೌಡನ ಪ್ರಾಣಕ್ಕೆ ಬಂತು.

ನಾನು ಗಂಜಾಂನವನು. ಸರ್ವೆ ಇಲಾಖೆಯಲ್ಲಿ ಜಮೀನು ಅಳೆದು ನಿವೃತ್ತನಾದವನು. ಗಡಿ ಕಲ್ಲು ಎಲ್ಲಿತ್ತು ಎಂದು ಕೇಳಿದರೆ ಇದ್ದ ಕಡೆ ಕೈ ತೋರಿಸಬೇಕು, ಇರಬೇಕಾಗಿದ್ದ ಕಡೆ ಅಲ್ಲ. ಇದನ್ನೂ ಹಾಗೇ ಬರೆಯುತ್ತೇನೆ. ಗಗನಚುಂಬಿ ಕಟ್ಟಡ, ಮರಳುಗಾಡು, ಒಂಟೆ ಸವಾರಿ ಇವನ್ನು ಓದಬೇಕೆನ್ನುವವರಿಗೆ ಬೇರೆ ಬರಹಗಳು ಬೇಕಾದಷ್ಟಿವೆ.

ವಿಮಾನ ನಿಲ್ದಾಣ

ಮಂಜ ವೀಸಾ ಕಳಿಸಿ, "ಬನ್ನಿ ಮಾವ, ಒಂದು ತಿಂಗ್ಳು ಇದ್ದು ನೋಡ್ಕೊಂಡು ಓಗಿ" ಎಂದಿದ್ದ. ನನ್ನ ಮಗ ಶ್ರೀರಂಗಪಟ್ಟಣದ ಅಂಗಡಿಯೊಂದರಲ್ಲಿ ನನ್ನ ಫೋನಿಗೆ ಏನೋ ಒಂದು ಪ್ಯಾಕು ಹಾಕಿಸಿ, "ಇಳಿದ ತಕ್ಷಣ ಮಾತಾಡಬಹುದು" ಎಂದು ಭರವಸೆ ಕೊಟ್ಟಿದ್ದ. ಇಳಿದೆ. ಫೋನು ಬಂಡೆಯ ಹಾಗೆ ಕೂತಿತ್ತು. ಸಾವಿರಾರು ಮೈಲಿ ಹಾರಿ ಬಂದ ನಾನು, ಹೊರಗೆ ನಿಂತಿರುವ ತಂಗಿ ಮಗನಿಗೆ 'ಬಂದೆ' ಎಂದು ಹೇಳಲಾರದೆ ಒಂದು ಕಂಬದ ಪಕ್ಕ ನಿಂತೆ.

ಗಡ್ಡದ ಟ್ಯಾಕ್ಸಿ ಚಾಲಕನೊಬ್ಬ, ಪೇಶಾವರದ ಕಡೆಯವನಂತೆ, ನನ್ನ ಮುಖ ನೋಡಿ ಕೇಳದೆಯೇ ತನ್ನ ಫೋನು ಕೊಟ್ಟ. ನಮ್ಮ ಮಂಡ್ಯ ಬಸ್ ಸ್ಟ್ಯಾಂಡಿನಲ್ಲಿ ಅಪರಿಚಿತನ ಕೈಗೆ ಫೋನು ಕೊಡುವವರನ್ನು ನಾನು ಕಂಡಿಲ್ಲ. ಮನಸ್ಸು ತುಂಬಿ ಬಂತು. ಅಷ್ಟರಲ್ಲಿ ಅವನು ತೋರುಬೆರಳು ಎತ್ತಿ, "ಓನ್ಲಿ ಮಿಸ್ ಕಾಲ್, ಚಾಚಾ" ಎಂದ. ಉಪಕಾರಕ್ಕೂ ಅಲ್ಲಿ ಒಂದು ರಿಂಗಿನ ಮಿತಿ. ನಾನು ಒಂದು ರಿಂಗು ಕೊಟ್ಟೆ. ಮಂಜ ತಿರುಗಿ ಮಾಡಿದ. ಆ ದೇಶದ ಮೊದಲ ಪಾಠ ಹಾಗೆ ಆಯಿತು. ಅದನ್ನು ಕಲಿತದ್ದಕ್ಕೆ ಆಗ ನಾನು ಸಂತೋಷಪಟ್ಟೆ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ.

ಕೋಣೆ

ಕೋಣೆಯಲ್ಲಿ ಮೂವರು. ಮಂಜ ಏರ್ ಕಂಡೀಷನರಿನ ತಗಡಿನ ಕೊಳವೆ ಮಾಡುವ ವರ್ಕ್‌ಶಾಪಿನಲ್ಲಿ ಮೇಸ್ತ್ರಿ. ನಾಗಮಂಗಲದ ಸೋಮಣ್ಣ ಹೋಟೆಲಿನಲ್ಲಿ ಅಡುಗೆಯವನು. ಪಾಂಡವಪುರದ ರಫೀಕ್ ಎಲೆಕ್ಟ್ರಿಷಿಯನ್. ಮೂವರೂ ಒಳ್ಳೆಯ ಹುಡುಗರು ಎಂದು ಊರಿಗೆ ಬರೆದಿದ್ದೆ. ಹುಡುಗರೆಂದರೆ ನಲವತ್ತರ ಆಸುಪಾಸಿನವರು.

ನಮ್ಮ ಊರುಗಳಲ್ಲಿ ಎಲ್ಲರೂ ಕಾಸಿಲ್ಲದೆ ಮಾತಾಡುವ ಆ್ಯಪಿನಲ್ಲಿ ಅಲ್ಲಿ ಅಕ್ಷರ ಹೋಗುತ್ತದೆ, ಫೋಟೋ ಹೋಗುತ್ತದೆ, ಕಾಲ್ ಮಾತ್ರ ಹೋಗುವುದಿಲ್ಲ. ಅದು ಅಲ್ಲಿನ ಕಾನೂನು. ಮಾತಾಡಲೇಬೇಕೆಂದರೆ ಅನುಮತಿ ಇರುವ ಬೇರೆ ಆ್ಯಪಿಗೆ ತಿಂಗಳ ಹಣ ಕಟ್ಟಬೇಕು, ಇಲ್ಲ ಕಾರ್ಡು ಕೊಳ್ಳಬೇಕು, ಇಲ್ಲ ನೇರವಾಗಿ ಡಯಲ್ ಮಾಡಿ ದುಬಾರಿ ತೆರಬೇಕು. ಇಷ್ಟು ಗೊತ್ತಾದ ಮೇಲೆ ಸಾಮಾನ್ಯ ಬುದ್ಧಿಯವನು ಒಂದನ್ನು ಆರಿಸಿಕೊಂಡು ಹೆಂಡತಿ ಮಕ್ಕಳ ಜೊತೆ ಮಾತಾಡಿ ಮಲಗುತ್ತಾನೆ. ಆ ಕೋಣೆಯಲ್ಲಿ ಹಾಗೆ ಮಾಡುತ್ತಿದ್ದವನು ರಫೀಕ್ ಒಬ್ಬನೇ. ತಿಂಗಳ ಹಣ ಕಟ್ಟಿ, ದಿನಾ ಹತ್ತು ನಿಮಿಷ ಪಾಂಡವಪುರಕ್ಕೆ ಮಾತಾಡುತ್ತಿದ್ದ. ಅದಕ್ಕೆ ಅವನನ್ನು ಉಳಿದಿಬ್ಬರೂ ಆಡಿಕೊಳ್ಳುತ್ತಿದ್ದರು.

"ನೋಡಿ ಸಾರ್, ನವಾಬ. ಬೇಗಂ ಸಾಹೇಬ್ರು ಬದ್ನೇಕಾಯಿ ಎಂಗೆ ಎಚ್ಚುದ್ರು ಅಂತ ಕೇಳಕ್ಕೆ ತಿಂಗ್ಳಿಗೊಂದು ಕಂತು ಕಟ್ತಾನೆ" ಎನ್ನುತ್ತಿದ್ದ ಸೋಮಣ್ಣ.

"ನೀನು ಕಟ್ಬೇಡ ಕಣಪ್ಪ. ನಿಮ್ಮನೇಲಿ ಬದ್ನೇಕಾಯಿ ಐತೋ ಇಲ್ವೋ ಅದಾದ್ರೂ ಗೊತ್ತಾ ನಿಂಗೆ?" ಎನ್ನುತ್ತಿದ್ದ ರಫೀಕ್.

ಸೋಮಣ್ಣನಿಗೆ ಒಂದು ಕಳ್ಳದಾರಿಯ ಆ್ಯಪು ಗೊತ್ತಿತ್ತು. ಅದರಲ್ಲಿ ಮಾತು ಹೋಗುತ್ತಿತ್ತು, ಆದರೆ ಎತ್ತಿನ ಗಾಡಿಯಲ್ಲಿ. ಅವನು "ಮಗೂಗೆ ಜ್ವರ ಬುಡ್ತಾ?" ಎಂದು ಕೇಳಿ, ಉತ್ತರ ಬಾರದೆ, "ಬಾಡಿಗೆ ಮನೆಯೋರು ಬಂದಿದ್ರಾ?" ಎಂದು ಕೇಳುವ ಹೊತ್ತಿಗೆ, ಮೊದಲನೆಯದರ ಉತ್ತರ ಬರುತ್ತಿತ್ತು: "ಊ, ನೆನ್ನೇನೇ ಬುಡ್ತು." ಹೀಗೆ ಒಂದು ಗಂಟೆ ಕೂಗಾಡಿ, ಬೆವರು ಒರೆಸಿಕೊಂಡು, "ಒಂದು ಪೈಸ ಖರ್ಚಿಲ್ಲ ಸಾರ್" ಎಂದು ಎದೆ ಉಬ್ಬಿಸುತ್ತಿದ್ದ. ಆ ಒಂದು ಗಂಟೆಗೆ ಬೆಲೆ ಇದೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ.

ಕಾರ್ಡಿನ ಅಂಗಡಿ

ಕಟ್ಟಡದ ಕೆಳಗೆ ಒಬ್ಬ ಮಲಯಾಳಿಯ ಪೆಟ್ಟಿ ಅಂಗಡಿ. ಸಂಜೆ ಆರಕ್ಕೆ ಅದರ ಮುಂದೆ ಐದಾರು ದೇಶದ ಗಂಡಸರು ಸಾಲಾಗಿ ನಿಂತು ಬೀಗದ ಕೈಯಿಂದ ಕಾರ್ಡು ಕೆರೆಯುತ್ತಿದ್ದರು. ಬೂದು ಬಣ್ಣದ ಪುಡಿ ಮೆಟ್ಟಿಲ ಮೇಲೆಲ್ಲ. ಕೆರೆದಾಗ ಬರುವ ಉದ್ದನೆಯ ಅಂಕಿಯನ್ನು ಒತ್ತಬೇಕು. ಒಂದು ತಪ್ಪಿದರೆ ಮೊದಲಿನಿಂದ. ಆಮೇಲೆ ಒಬ್ಬ ಹೆಂಗಸಿನ ದನಿ, ಎಷ್ಟು ನಿಮಿಷ ಉಳಿದಿದೆ ಎಂದು ಮೂರು ಭಾಷೆಯಲ್ಲಿ ಹೇಳುತ್ತದೆ. ಮೂರೂ ಮುಗಿಯುವ ತನಕ ಊರು ಸಿಗುವುದಿಲ್ಲ.

ಇಷ್ಟೆಲ್ಲ ಆಗಿ ಊರು ಸಿಕ್ಕ ಮೇಲೆ ಇವರು ಏನು ಮಾತಾಡುತ್ತಾರೆ ಎಂದು ನಾನು ಹತ್ತು ದಿನ ಕಿವಿಗೊಟ್ಟು ಕೇಳಿದ್ದೇನೆ.

"ಊಟ ಆಯ್ತಾ?"

"ಆಯ್ತು. ನಿಮ್ದು?"

"ಆಯ್ತು. ಮಳೆ ಬಂತಾ?"

"ಇಲ್ಲ."

"ಮತ್ತೆ?"

"ಮತ್ತೇನಿಲ್ಲ."

ಅಷ್ಟೇ. ನಾನೂ ಗಂಜಾಂಗೆ ನನ್ನ ಹೆಂಡತಿಗೆ ಮಾಡಿದೆ. ಊಟ ಆಯ್ತಾ ಎಂದೇ ಕೇಳಿದೆ. ಬಾಯಿಗೆ ಬೇರೆ ಬರಲಿಲ್ಲ. ನಿಮಿಷ ಎಣಿಸುವ ಹೆಂಗಸು ಹಿಂದೆ ನಿಂತಿರುವಾಗ ಬರುವುದೂ ಇಲ್ಲ.

ರಿಂಗಿನ ಭಾಷೆ

ಮಂಜನಿಗೆ ಕಾರ್ಡೂ ದುಂದು. ಅವನು ಊರಿಗೆ ಮಾತಾಡುವುದನ್ನೇ ಬಿಟ್ಟಿದ್ದ.

ಹಿಂದಿನ ರಜೆಯಲ್ಲಿ ಊರಿಗೆ ಹೋಗಿದ್ದಾಗ ಅವನು ತೋಟದ ಬೋರಿನ ಮೋಟರಿಗೆ ಮೊಬೈಲ್ ಸ್ಟಾರ್ಟರ್ ಹಾಕಿಸಿದ್ದ. ನಮ್ಮ ಕಡೆಯ ರೈತರಿಗೆ ಇದು ಹೊಸದೇನಲ್ಲ. ಡಬ್ಬಿಯೊಳಗೆ ಒಂದು ಸಿಮ್ ಇರುತ್ತದೆ. ಆ ನಂಬರಿಗೆ ರಿಂಗು ಕೊಟ್ಟರೆ ನಿಂತ ಮೋಟರು ಓಡುತ್ತದೆ, ಮತ್ತೊಂದು ಕೊಟ್ಟರೆ ಓಡುವ ಮೋಟರು ನಿಲ್ಲುತ್ತದೆ. ಕಾಲ್ ಎತ್ತುವವರಿಲ್ಲ, ಆದ್ದರಿಂದ ಖರ್ಚಿಲ್ಲ. ಕತ್ತಲಲ್ಲಿ ತೋಟಕ್ಕೆ ನಡೆಯುವುದು ತಪ್ಪಲಿ ಎಂದು ಜನ ಹಾಕಿಸಿಕೊಳ್ಳುತ್ತಾರೆ. ಮಂಜ ಅದಕ್ಕೆ ತನ್ನ ಶಾರ್ಜಾದ ನಂಬರನ್ನು ಸೇರಿಸಿದ. ಬೇರೆ ಯಾರದ್ದನ್ನೂ ಸೇರಿಸಲಿಲ್ಲ. ಅಣ್ಣನದನ್ನೂ.

"ಅಣ್ಣಯ್ಯಂಗೆ ಯಾಕ್ ಮಾವ? ಅವ್ನು ಬೆಳುಗ್ಗೆ ಎದ್ದು ಬದಕ್ಕೆ ಬರೋ ಒತ್ಗೆ ನಾನು ಇಲ್ಲಿಂದ ನೀರು ಬುಟ್ಟಿರ್ತೀನಿ" ಎಂದ.

ದಿನಾ ಊರಿನ ಬೆಳಿಗ್ಗೆ ಆರಕ್ಕೆ ಒಂದು ರಿಂಗು, ಒಂಬತ್ತಕ್ಕೆ ನಿಲ್ಲಿಸಲು ಒಂದು. ನೀರು ಬಂದ ಮೇಲೆ ಅತ್ತಿಗೆ ಜಯಮ್ಮ ತನ್ನ ಬಟನ್ ಫೋನಿನಿಂದ ಮಂಜನಿಗೆ ಒಂದು ಮಿಸ್ ಕಾಲ್ ಕೊಡಬೇಕು: ನೀರು ಬಂತು ಎಂದರ್ಥ. ಎರಡು ಕೊಟ್ಟರೆ ಗದ್ದೆ ಮುಟ್ಟಿತು. ಮೂರು ಕೊಟ್ಟರೆ ಹಣ ಬಂತು. ಅವಳ ಫೋನಿನಲ್ಲಿ ರಿಂಗು ಹೋಗುವಷ್ಟು ಬ್ಯಾಲೆನ್ಸು ಇರಬೇಕು, ಮಂಜ ಎತ್ತಬಾರದು. ಎತ್ತಿದರೆ ಅವಳ ಕಾಸು ಹೋಯಿತು. ಬಂದ ತಕ್ಷಣ ಕಟ್ ಮಾಡಬೇಕು. ಕಟ್ ಮಾಡಿದರೆ 'ತಿಳಿಯಿತು' ಎಂದರ್ಥ.

"ಜವರನ ಜೊತೆ ಮಾತಾಡಿ ಎಷ್ಟು ದಿನ ಆಯ್ತೋ?" ಎಂದು ಕೇಳಿದೆ.

"ಮಾತ್ಯಾಕ್ ಮಾವ? ದಿನಾ ನೀರು ಬತ್ತದಲ್ಲ."

ಈ ರಿಂಗಿನ ಭಾಷೆಯಲ್ಲಿ ನೀರಿಗೊಂದು ಲೆಕ್ಕ ಇತ್ತು, ಹಣಕ್ಕೊಂದು ಲೆಕ್ಕ ಇತ್ತು. ಕೇಡಿಗೆ ಇರಲಿಲ್ಲ. ಅದನ್ನು ನಾನು ಆಗ ಗಮನಿಸಲಿಲ್ಲ. ಭಲೇ ಎಂದೆ. ಸೋಮಣ್ಣನಂತೂ, "ಇವ್ನು ಇಂಜಿನಿಯರ್ ಆಗ್ಬೇಕಿತ್ತು ಸಾರ್" ಎಂದ.

ಶುಕ್ರವಾರ

ಮೂವರಿಗೂ ರಜೆ. ಸೋಮಣ್ಣ ಬಸ್ಸಾರು ಮಾಡಿದ್ದ. ಉಂಡು, ಒಂದಿಷ್ಟು ಮಲಗಿ ಎದ್ದು, ಟೀ ಕುಡಿದೆವು. ಮಾತು ತೋಟದ ಕಡೆ ಹೋಯಿತು. ನಾನು ಹೇಳಿದ್ದು ಇಷ್ಟು, ಇದೇ ಮಾತಿನಲ್ಲಿ: "ಲೇ ಮಂಜ, ಬಂದು ಹದಿನೈದು ದಿನ ಆಯ್ತು, ನಿನ್ನ ಮೋಟ್ರು ಆನ್ ಆಗೋದು ಒಂದ್ ದಿನಾನೂ ನೋಡ್ಲಿಲ್ವಲ್ಲ ನಾನು. ನಾನೇಳೋ ಒತ್ಗೆ ನೀನು ಡ್ಯೂಟಿಗೋಗಿರ್ತೀಯ. ಈಗ ತೋರ್ಸು ನೋಡಾನ."

ರಫೀಕ್ ಮೇಲಿನ ಮಂಚದಲ್ಲಿ ಮಲಗಿದ್ದವನು ತಲೆ ಎತ್ತಿದ. "ಇದು ಮೋಟ್ರು ಟೈಮಲ್ಲ ಮಂಜಣ್ಣ. ತೋಟದಲ್ಲಿ ಯಾರಾದ್ರೂ ಅವ್ರಾ ಅಂತ ಫಸ್ಟು ಫೋನ್ ಮಾಡಿ ಕೇಳು."

"ಅದುನ್ನ ಕೇಳಕ್ಕೆ ಒಂದು ಕಾಲ್ ದಂಡ ಮಾಡ್ಲಾ? ನೀರೇ ಬಿದ್ರೆ ಅವ್ರಿಗೇ ಗೊತ್ತಾಯ್ತದೆ ಬುಡು" ಎಂದ ಮಂಜ. ನಾನು ನಕ್ಕೆ. ಸೋಮಣ್ಣನೂ ನಕ್ಕ. ರಫೀಕನದು ಕರೆಂಟಿನ ಕೆಲಸ, ಅವನ ಮಾತಿಗೆ ತೂಕ ಇರಬಹುದು ಎಂದು ನಮಗೆ ಯಾರಿಗೂ ಅನ್ನಿಸಲಿಲ್ಲ.

ನಾಲ್ಕೂ ಹತ್ತಕ್ಕೆ ಮಂಜ ಒತ್ತಿದ. ಒಂದು ರಿಂಗು ಹೋಯಿತು. ಆ ಕಡೆ ಡಬ್ಬಿ ತಾನೇ ಕಡಿದುಕೊಂಡಿತು. "ಓಡ್ತು" ಎಂದ.

ಎರಡು ನಿಮಿಷ ಆಗಿರಬೇಕು, ಜಯಮ್ಮನ ನಂಬರಿನಿಂದ ರಿಂಗು ಬಂತು. ಮಂಜ ಫೋನನ್ನು ನಮ್ಮ ಕಡೆ ತಿರುಗಿಸಿ ತೋರಿಸಿ, ಕಟ್ ಮಾಡಿದ. "ನೀರು ಬಂತು" ಎಂದ. ನಾನು ಚಪ್ಪಾಳೆ ತಟ್ಟಿದೆ.

ಅರ್ಧ ನಿಮಿಷದಲ್ಲಿ ಮತ್ತೆ ಬಂತು. ಕಟ್ ಮಾಡಿದ. "ಗದ್ದೆ ಮುಟ್ತು."

"ಇಷ್ಟ್ ಬೇಗ್ಲಾ?" ಎಂದ ಸೋಮಣ್ಣ.

ಮೂರನೆಯದು ಬಂತು. ಕಟ್ ಮಾಡಿದ. "ನಾನೇನು ದುಡ್ಡು ಆಕಿಲ್ವಲ್ಲ ಈ ವಾರ" ಎಂದು ಹುಬ್ಬು ಗಂಟಿಕ್ಕಿದ.

ನಾಲ್ಕನೆಯದು ಬಂದಾಗ ರಫೀಕ್ ಮಂಚದಿಂದ ಧುಮುಕಿದ. "ಎತ್ತು ಮಂಜಣ್ಣ. ಖುದಾಕೇ ವಾಸ್ತೆ ಎತ್ತು. ನಾಕು ಸಲ ಯಾಕ್ ಮಾಡ್ತಾರೆ?"

ಮಂಜನ ಬೆರಳು ನಿಂತಿತು. ಅವನು ನನ್ನ ಮುಖ ನೋಡಿದ. ಮೂರು ರಿಂಗು ಆಗುವಷ್ಟು ಹೊತ್ತು ನೋಡಿದ. ನಾನು ಹೇಳಿದೆ: "ಕಟ್ ಮಾಡೋ, ಪಾಪ ಅವಳ ಕಾಸು ಹೋಯ್ತದೆ. ನೀನೇ ಕಾರ್ಡಲ್ಲಿ ಮಾಡು."

ಅವನು ಕಟ್ ಮಾಡಿದ.

ಆಮೇಲೆ ಅವನ ಕೈ ತಾನಾಗಿ ದಿಂಬಿನ ಕೆಳಗಿನ ಕಾರ್ಡಿಗೆ ಹೋಯಿತು. ನೇರವಾಗಿ ಡಯಲ್ ಮಾಡಿದ್ದರೆ ಕ್ಷಣ ಸಾಕಾಗಿತ್ತು. ಅದು ಕೋಣೆಯಲ್ಲಿದ್ದ ಯಾರಿಗೂ ಹೊಳೆಯಲಿಲ್ಲ. ರಫೀಕನಿಗೂ. ಕಾರ್ಡು ಕೆರೆದ, ಅಂಕಿ ಒತ್ತಿದ, ಒಂದು ತಪ್ಪಿತು, ಮೊದಲಿನಿಂದ ಮತ್ತೆ ಒತ್ತಿದ. ಆ ಹೆಂಗಸು ಎಷ್ಟು ನಿಮಿಷ ಉಳಿದಿದೆ ಎಂದು ಒಂದು ಭಾಷೆಯಲ್ಲಿ ಹೇಳಿದಳು, ಎರಡನೆಯದರಲ್ಲಿ ಹೇಳಿದಳು, ಮೂರನೆಯದರಲ್ಲಿ ಹೇಳಿದಳು. ಮಂಜ ಫೋನನ್ನು ಸ್ಪೀಕರಿಗೆ ಹಾಕಿದ್ದ. ನಾಲ್ಕೂ ಜನ ಕೇಳಿದೆವು.

ಎತ್ತಿದ್ದು ಜಯಮ್ಮ ಅಲ್ಲ. ಪಕ್ಕದ ತೋಟದ ಕೆಂಚೇಗೌಡ.

"ಮಂಜನೇನ್ಲಾ? ಫ್ಯೂಸು ಕಿತ್ತಿವ್ನಿ. ನಿಮ್ಮಣ್ಣ ಬೋರ್ ತಾವ ಬಿದ್ದವ್ನೆ. ಎತ್ಕೊಂಡು ಆಸ್ಪತ್ರೆಗೆ ಒಂಟಿವಿ. ಬಂದ್ಬುಡು ಕಣ್ಲಾ."

ಗಡಿಯಾರ ನೋಡಿದೆ. ನಾಲ್ಕೂ ಇಪ್ಪತ್ಮೂರು. ನಮ್ಮಲ್ಲಿ ಅದನ್ನು ನೋಡಿದವನು ನಾನೊಬ್ಬನೇ, ಅಭ್ಯಾಸ.

ಸಂತೆಬಾಚಹಳ್ಳಿ

ಮಾರನೆಯ ದಿನ ನಾನೂ ಮಂಜನೂ ಒಟ್ಟಿಗೆ ಬಂದೆವು. ಆ ಹೊತ್ತಿಗೆ ಮುಗಿದಿತ್ತು. ಆಸ್ಪತ್ರೆಗೆ ತರುವ ಮೊದಲೇ ಹೋಗಿದ್ದ ಎಂದು ವೈದ್ಯರು ಹೇಳಿದ್ದರು.

ತೋಟಕ್ಕೆ ಹೋಗಿ ನೋಡಿದೆ. ಬೋರಿನ ಬಾಯಿಂದ ಮೋಟರಿಗೆ ಇಳಿಯುವ ಕೇಬಲಿನ ಜಾಯಿಂಟು ಎರಡು ದಿನದಿಂದ ಬಿಸಿಯಾಗುತ್ತಿತ್ತಂತೆ. ಜವರ ಅದನ್ನು ಬಿಚ್ಚಿ ಹೊಸದಾಗಿ ಹಾಕಲು ಕೂತಿದ್ದ. ಮೋಟರು ನಿಂತಿದ್ದಾಗ ಆ ತಂತಿಯಲ್ಲಿ ಕರೆಂಟು ಇರುವುದಿಲ್ಲ. ತಮ್ಮ ಬೆಳಿಗ್ಗೆ ಬಿಟ್ಟರೆ ಬೇರೆ ಹೊತ್ತಲ್ಲಿ ರಿಂಗು ಕೊಟ್ಟವನಲ್ಲ. ಆದ್ದರಿಂದ ಜವರ ಫ್ಯೂಸು ಕೀಳಲಿಲ್ಲ. ಶಾರ್ಜಾದವನ ಸಮಯಪಾಲನೆಯನ್ನು ನಂಬಿ ಸಂತೆಬಾಚಹಳ್ಳಿಯವನು ಬರಿಗೈಯಲ್ಲಿ ತಂತಿ ಹಿಡಿದ.

ಜಯಮ್ಮ ನಿಂತಿದ್ದದ್ದು ತೆಂಗಿನ ಮಟ್ಟೆಯ ರಾಶಿಯ ಬಳಿ, ಬೋರಿನಿಂದ ಹನ್ನೊಂದು ಹೆಜ್ಜೆ. ನಾನು ಅಳೆದೆ. ಗಂಡ ಬಿದ್ದದ್ದು ನೋಡಿ ಓಡಿದಳು. ಬಿಚ್ಚಿದ ತಂತಿ ಬೋರಿನ ಕಬ್ಬಿಣದ ಕೇಸಿಂಗ್ ಪೈಪಿಗೆ ತಾಗಿ ಕಿಡಿ ಹಾರುತ್ತಿತ್ತು, ನೆಲ ಒದ್ದೆ. ಮುಟ್ಟಬಾರದೆಂದು ಅವಳಿಗೆ ಗೊತ್ತಿತ್ತು; ಮುಟ್ಟಲಿಲ್ಲ. ಫ್ಯೂಸಿನ ಪೆಟ್ಟಿಗೆಗೆ ಬೀಗ. ಬೀಗದ ಕೈ ಗಂಡನ ಉಡಿದಾರದಲ್ಲಿ. ಮೋಟರು ನಿಲ್ಲಿಸಬಲ್ಲ ನಂಬರು ಲೋಕದಲ್ಲಿ ಒಂದೇ. ಆ ನಂಬರಿಗೆ ಅವಳು ಕಾಲ್ ಮಾಡಿದಳು. ನಮ್ಮ ನಾಲ್ಕು ಜನರ ಪೈಕಿ ಯಾರಿಗೂ ಇಲ್ಲದ ಬುದ್ಧಿ ಅವಳಿಗೆ ಇತ್ತು. ಅವಳ ಬ್ಯಾಲೆನ್ಸಿನಲ್ಲಿ 'ಆಫ್ ಮಾಡು' ಎಂಬ ಎರಡು ಮಾತು ಧಾರಾಳವಾಗಿ ಹಿಡಿಸುತ್ತಿತ್ತು. ಕೊನೆಗೆ ಅವಳ ಕೂಗು ಕೇಳಿ ಕೆಂಚೇಗೌಡ ಹಾರೆ ತಂದು ಬೀಗ ಒಡೆದ.

ಹನ್ನೊಂದನೇ ದಿನ ಮಂಜ ಎಲ್ಲರೆದುರಿಗೇ ಅವಳನ್ನು ಕೇಳಿದ: "ಅತ್ಗೆ, ನೀನು ಕಾಲ್ ಮಾಡೋ ಒತ್ಗೆ ಅಣ್ಣಯ್ಯ ಓಗ್ಬುಟ್ಟಿದ್ನಾ?" ಹೌದು ಎನ್ನಲಿ ಎಂದು ಕೇಳಿದ. ನಾನೂ ಹಾಗೇ ಕಾದೆ.

ಜಯಮ್ಮ, "ಎರಡ್ನೇ ಸತಿ ಮಾಡ್ವಾಗ ಅವ್ರ ಕೈ ಅಲ್ಲಾಡ್ತಿತ್ತು ಕಣಪ್ಪ" ಎಂದಳು.

ಪ್ರಾಣ ಹೋದ ಮೇಲೂ ಕರೆಂಟಿಗೆ ಕೈ ಅಲ್ಲಾಡಬಹುದು ಎಂದು ರಫೀಕ್ ಆಮೇಲೆ ಶಾರ್ಜಾದಿಂದ ಫೋನಿನಲ್ಲಿ ನನಗೆ ಹೇಳಿದ. ಇರಬಹುದು. ಅವನು ಕರುಣೆಯಿಂದ ಹೇಳಿದನೋ ತಿಳಿದು ಹೇಳಿದನೋ ನನಗೆ ಗೊತ್ತಿಲ್ಲ.

ಅದೇ ದಿನ ಊಟದ ಪಂಕ್ತಿಯಲ್ಲಿ ನನ್ನ ಪಕ್ಕ ಕೂತಿದ್ದ ಬೂಕನಕೆರೆಯ ನೆಂಟನೊಬ್ಬ, ಮಗನನ್ನು ದುಬೈಗೆ ಕಳಿಸಿದವನು, ಪಾಯಸ ಬಡಿಸಿಕೊಳ್ಳುತ್ತ ಮೆಲ್ಲಗೆ ಕೇಳಿದ: "ಅಲ್ಲ ಸಾರ್, ಆ ಡಬ್ಬಿ ದುಬೈಯಿಂದ್ಲೂ ಆನ್ ಆಯ್ತದಾ? ರಿಂಗ್ ಕೊಟ್ರೆ ಕಾಸು ಕಟ್ಟಾಗಕಿಲ್ವಲ್ಲ?" ನಾನು ಎಲೆ ಮಡಚಿ ಎದ್ದೆ. ಅವನು ಈಗಾಗಲೇ ಹಾಕಿಸಿರುತ್ತಾನೆ.

ಕಂಡವರು

ಕೆಂಚೇಗೌಡ ಹೋದ ವರ್ಷ ತೀರಿಕೊಂಡ. ರಫೀಕ್ ಇನ್ನೂ ಶಾರ್ಜಾದಲ್ಲೇ ಇದ್ದಾನೆ, ಅದೇ ಕೋಣೆಯಲ್ಲಿ. ಸೋಮಣ್ಣ ನಾಗಮಂಗಲಕ್ಕೆ ವಾಪಸ್ಸು ಬಂದು ಬಸ್ ಸ್ಟ್ಯಾಂಡಿನ ಹತ್ತಿರ ಟಿಫನ್ ಸೆಂಟರು ಇಟ್ಟಿದ್ದಾನೆ. ಮಂಜೇಗೌಡ ತಿರುಗಿ ಹೋಗಲಿಲ್ಲ. ತೋಟ ನೋಡಿಕೊಂಡಿದ್ದಾನೆ, ಮೋಟರು ಹಾಕಲು ನಡೆದೇ ಹೋಗುತ್ತಾನೆ, ಫೋನು ಇಟ್ಟುಕೊಂಡಿಲ್ಲ. ಜಯಮ್ಮ ಡೈರಿಗೆ ಹಾಲು ಹಾಕುತ್ತಾಳೆ.

ಇದನ್ನು ಅಚ್ಚಿಗೆ ಕೊಡುವ ಮೊದಲು ಸಂತೆಬಾಚಹಳ್ಳಿಗೆ ಹೋಗಿ ಅವಳಿಗೆ ಓದಿ ಹೇಳಿದೆ. ನಾಲ್ಕನೆಯ ರಿಂಗಿನ ತನಕ ತಲೆ ಬಗ್ಗಿಸಿ ಕೇಳಿದಳು. ಅಲ್ಲಿ ತಲೆ ಎತ್ತಿದಳು.

"ಕಟ್ ಮಾಡು ಅಂದಿದ್ದು ನೀವಾ ಮಾವ?"

"ಹೂಂ ಕಣವ್ವ."

"ಮಂಜಪ್ಪ ಇಷ್ಟ್ ದಿನ ತಾನೇ ಮಾಡುದ್ದು ಅಂತ ಅಂದ್ಕೊಂಡವ್ನೆ."

"ಮಾಡಿದ್ದು ಅವನ ಬೆರಳು. ಹೇಳಿದ್ದು ನಾನು."

"ಅಂಗೇ ಬರ್ದಿದ್ದೀರಾ?"

"ಹಂಗೇ ಬರೆದಿದ್ದೀನಿ."

"ಇರ್ಲಿ, ಅಳುಸ್ಬೇಡಿ" ಎಂದು ಹಾಲಿನ ಕ್ಯಾನು ಎತ್ತಿಕೊಂಡು ಡೈರಿಯ ಕಡೆ ಹೊರಟಳು.

ಅಳಿಸಿಲ್ಲ. ಕಂಡವರಲ್ಲಿ, ಕೇಳಿದವರಲ್ಲಿ ಈಗ ಬದುಕಿರುವವರು ಐವರು: ರಫೀಕ್, ಸೋಮಣ್ಣ, ಮಂಜೇಗೌಡ, ಜಯಮ್ಮ, ಮತ್ತು ನಾನು. ಆ ನಾಲ್ಕನೆಯದನ್ನು ಯಾರ ಮಾತಿನ ಮೇಲೆ ಕಟ್ ಮಾಡಿದ್ದು ಎಂದು ಬೇರೆ ಬೇರೆಯಾಗಿ ಕೇಳಿ ನೋಡಿ. ಮಂಜನನ್ನು ಬಿಟ್ಟು ಉಳಿದ ನಾಲ್ವರೂ ಒಂದೇ ಹೆಸರು ಹೇಳುತ್ತೇವೆ.